ಮಾಜುಲಿಯ ಕಂಬದ ಮನೆಗಳು ಬಿರುಗಾಳಿಗೆ ಹೇಗೆ ನಿಲ್ಲುತ್ತವೆ?

ಜೋರಹಾಟ್ ವಾಸಿ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಅಸ್ಸಾಮಿನ ಜೋರಹಾಟ್‌ನಲ್ಲಿದ್ದೇನೆ. ನಿಮಾತಿ ಘಾಟಿನಲ್ಲಿ ದೋಣಿ ಹತ್ತಿದರೆ ಬ್ರಹ್ಮಪುತ್ರೆಯ ನಡುವಿನ ಮಾಜುಲಿ ದ್ವೀಪ. ಅಲ್ಲಿನ ಮಿಸಿಂಗ್ ಜನರ ಊರುಗಳಲ್ಲಿ ಮನೆಗಳೆಲ್ಲ ಕಂಬದ ಮೇಲೆ ನಿಂತಿವೆ. ಚಾಂಗ್ ಘರ್ ಅನ್ನುತ್ತಾರೆ. ನೆರೆ ನೀರು ಒಳಗೆ ಬರಬಾರದು ಅಂತ ಎತ್ತರಿಸಿದ್ದು, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ನನ್ನ ಪ್ರಶ್ನೆ ಗಾಳಿಯದ್ದು.

ಇಲ್ಲಿ ಮಾರ್ಚ್‌ನಿಂದ ಮೇ ತನಕ ಸಂಜೆ ಹೊತ್ತಿಗೆ ವಾಯವ್ಯದ ಕಡೆಯಿಂದ ಮೋಡ ಕಟ್ಟಿ ಬಿರುಗಾಳಿ ಎದ್ದುಬಿಡುತ್ತದೆ. ಬಿಹು ಹಬ್ಬದ ಆಸುಪಾಸಿನ ಗಾಳಿಗೆ ಬೊರ್ದೊಯಿಸಿಲಾ ಅಂತ ಹೆಸರು. ಮದುವೆಯಾದ ಹೆಣ್ಣುಮಗಳು ತವರಿಗೆ ಓಡೋಡಿ ಹೋಗುವ ರಭಸವಂತೆ ಅದು. ಅವಳು ಸಮಾಧಾನವಾಗಲಿ ಅಂತ ಅಂಗಳದಲ್ಲಿ ಮಣೆ, ಕನ್ನಡಿ, ಬಾಚಣಿಗೆ ಇಡುವ ರೂಢಿ ಕೆಲವು ಕಡೆ ಇದೆ. ಮೊನ್ನೆಯ ಗಾಳಿಗೆ ಪೇಟೆಯಲ್ಲಿ ತಗಡಿನ ಶೀಟುಗಳು ಹಾರಿ ರಸ್ತೆಗೆ ಬಿದ್ದಿದ್ದವು. ಅದೇ ಗಾಳಿ ದಾಟಿ ಹೋದ ಮಾಜುಲಿಯಲ್ಲಿ ನನಗೆ ಪರಿಚಯದ ಮನೆಯೊಂದು ಹಾಗೇ ನಿಂತಿತ್ತು. ಸೂರಿನ ಹುಲ್ಲು ಒಂದು ಕಡೆ ಕೆದರಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಕೆಳಗೆ ಕೂತು ಚೆನ್ನಾಗಿ ನೋಡಿದೆ. ಎದೆಯೆತ್ತರಕ್ಕೆ ಅಟ್ಟ. ಅಟ್ಟದಡಿ ಮಗ್ಗ, ಕೋಳಿ ಗೂಡು, ಸೌದೆ. ಮಾಡು ಹೊತ್ತ ಕಂಬಗಳು ಮಣ್ಣಿನಿಂದ ಎದ್ದು ಅಟ್ಟವನ್ನು ದಾಟಿ ಮೇಲಿನ ತೊಲೆಯವರೆಗೆ ಒಂದೇ ಮರ. ಅಟ್ಟವನ್ನು ಹೊತ್ತ ಗಿಡ್ಡ ಕಂಬಗಳು ಬೇರೆಯೇ ಇವೆ, ಇನ್ನಷ್ಟು ಒತ್ತೊತ್ತಾಗಿ. ತೊಲೆ ಕೂರುವಲ್ಲಿ ಕಂಬದ ತುದಿಯನ್ನು ಕವೆಯಾಗಿ ಕಡಿದು, ಬೆತ್ತದಿಂದ ಸುತ್ತಿ ಸುತ್ತಿ ಬಿಗಿದಿದ್ದಾರೆ. ಒಂದೂ ಮೊಳೆ ಕಾಣಲಿಲ್ಲ. ನಡೆದರೆ ಬಿದಿರ ದಬ್ಬೆಯ ಅಟ್ಟ ಕಿರುಗುಟ್ಟುತ್ತದೆ, ಮನೆ ಸಣ್ಣಗೆ ಓಲಾಡುತ್ತದೆ. ಇಷ್ಟು ಹಗುರವಾದದ್ದು ಆ ಗಾಳಿಗೆ ಹೇಗೆ ನಿಂತಿತು? ತಿಳಿದವರು ಬಿಡಿಸಿ ಹೇಳಿ.

ಕಟ್ಟಡದ ಲೆಕ್ಕ

ಒಳ್ಳೆಯ ಪ್ರಶ್ನೆ ಸರ್. ನಾನು ಸ್ಟ್ರಕ್ಚರಲ್ ಇಂಜಿನಿಯರ್, ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ನಮ್ಮ ದೇಶದಲ್ಲಿ ಗಾಳಿಯ ಲೆಕ್ಕಕ್ಕೆ ಐಎಸ್ 875, ಭಾಗ 3 ಅನ್ನುವ ಸಂಹಿತೆ ಇದೆ. ಅದರಲ್ಲಿ ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಗುವಾಹಟಿಗೆ 50. ಸಮುದ್ರದಿಂದ ಅಷ್ಟು ದೂರದ ಅಸ್ಸಾಮಿಗೆ ಒಡಿಶಾ ಕರಾವಳಿಯಷ್ಟೇ ವೇಗ ಹಿಡಿಯುತ್ತೇವೆ ಅಂದರೆ ಬಹಳ ಜನ ನಂಬುವುದಿಲ್ಲ. 50 ಮೀಟರ್ ಅಂದರೆ ಗಂಟೆಗೆ 180 ಕಿ.ಮೀ.

ಗಾಳಿಯ ಒತ್ತಡ ಏರುವುದು ವೇಗದ ವರ್ಗದ ಪ್ರಕಾರ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಅಂತ ಸಿಗುತ್ತದೆ. 33ಕ್ಕೆ ಸುಮಾರು 65 ಕೆಜಿ ಭಾರದಷ್ಟು, 50ಕ್ಕೆ ಸುಮಾರು 150 ಕೆಜಿಯಷ್ಟು. ವೇಗ ಒಂದೂವರೆ ಪಟ್ಟಾದರೆ ಒತ್ತಡ ಎರಡು ಪಟ್ಟು ದಾಟುತ್ತದೆ.

ಈಗ ಮಾಡಿಗೆ ಬನ್ನಿ. ಗಾಳಿ ಮನೆಯನ್ನು ಬರೀ ತಳ್ಳುವುದಿಲ್ಲ, ಮಾಡನ್ನು ಮೇಲಕ್ಕೆ ಎಳೆಯುತ್ತದೆ. ಸೂರಿನಂಚು, ಮೂಲೆ, ನೆತ್ತಿ ಈ ಮೂರು ಕಡೆ ಸೆಳೆತ ಅತಿ ಹೆಚ್ಚು. ತಗಡಿನ ಶೀಟಿನ ತೂಕ ಚದರ ಮೀಟರಿಗೆ 4-5 ಕೆಜಿ. ದಪ್ಪ ಹುಲ್ಲಿನ ಹೊದಿಕೆ 20-30 ಕೆಜಿ ತೂಗೀತು. ಎರಡೂ ತಮ್ಮ ಭಾರದಿಂದ ಮಾತ್ರ ನಿಲ್ಲಲಾರವು. ಗಿಡ್ಡ ಮನೆ, ಸುತ್ತ ಬಿದಿರು ಮೆಳೆ ಇದೆ ಅಂತ 150ನ್ನು 100ಕ್ಕೆ ಇಳಿಸಿಕೊಳ್ಳಿ, ಅದರಲ್ಲಿ 80 ಕೆಜಿಯಷ್ಟು ಮೇಲ್ಸೆಳೆತ ಅನ್ನಿ. ಒಂದು ಕಂಬದ ಪಾಲಿಗೆ 4 ಚದರ ಮೀಟರ್ ಮಾಡು ಬಂದರೆ 320 ಕೆಜಿ. ಹುಲ್ಲಿನ ತೂಕ ಕಳೆದರೂ 200 ಕೆಜಿಗಿಂತ ಹೆಚ್ಚು ಬಲ ಆ ಕಂಬವನ್ನು ನೆಲದಿಂದ ಕೀಳಲು ನೋಡುತ್ತಿರುತ್ತದೆ.

ನೀವು ಕೆಳಗೆ ಕೂತು ನೋಡಿದ್ದು ಅದಕ್ಕೆ ಕಟ್ಟಿದ ಉತ್ತರವನ್ನೇ. ಹುಲ್ಲು ದಬ್ಬೆಗೆ, ದಬ್ಬೆ ಜಂತೆಗೆ, ಜಂತೆ ತೊಲೆಗೆ, ತೊಲೆ ಕಂಬಕ್ಕೆ, ಕಂಬ ಮಣ್ಣಿಗೆ, ಹೀಗೆ ನೆತ್ತಿಯಿಂದ ನೆಲದವರೆಗೆ ಸರಪಳಿ ಎಲ್ಲೂ ಕಡಿಯುವುದಿಲ್ಲ. ಮಾಡಿನ ಕಂಬ ಅಟ್ಟದ ಮಟ್ಟದಲ್ಲಿ ತುಂಡಾಗದೆ ಒಂದೇ ಮರವಾಗಿ ಬಂದಿದೆ ಅಂದಿರಲ್ಲ, ನನ್ನ ಮಟ್ಟಿಗೆ ಇಡೀ ಮನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದು.

ನೇರ ಮಾತು

ಒಂದು ಪ್ರಶ್ನೆ. ನೆಲದಿಂದ ಮೇಲಕ್ಕೆ ಹೋದಷ್ಟೂ ಗಾಳಿ ಜೋರು. ಮನೆಯನ್ನು ಕಾಲಿನ ಮೇಲೆ ಎತ್ತಿ ನಿಲ್ಲಿಸುವುದು ಗಾಳಿಗೆ ಇನ್ನಷ್ಟು ಒಡ್ಡಿದ ಹಾಗಲ್ಲವೇ? "ಕೆಳಗಿನಿಂದ ಗಾಳಿ ಹಾದು ಹೋಗುತ್ತದೆ, ಹಾಗಾಗಿ ಮನೆಗೆ ಏನೂ ಆಗಲ್ಲ" ಅನ್ನುವ ಮಾತು ಎಲ್ಲ ಕಡೆ ಓದುತ್ತೇವೆ. ಅದು ನಿಜವೇ?

ಕಟ್ಟಡದ ಲೆಕ್ಕ

ಅರ್ಧ ನಿಜ. ಕಾಲು ಎತ್ತಿದ್ದು ನೀರಿಗಾಗಿ. ಹಾಗೆ ಎತ್ತಿದ್ದಕ್ಕೆ ಗಾಳಿಯ ಕಡೆಯಿಂದ ತೆರಬೇಕಾದ ಬೆಲೆ ಇದೆ. ಗಾಳಿ ಅಡಿಯಿಂದಲೂ ರಭಸವಾಗಿ ಹಾಯುವುದರಿಂದ ಅಟ್ಟದ ತಳಕ್ಕೂ ಸೆಳೆತ ಬರುತ್ತದೆ, ಇಡೀ ಮನೆ ಪಕ್ಕಕ್ಕೆ ವಾಲುವ ಬಲವೂ ಹೆಚ್ಚುತ್ತದೆ. ಆ ಬೆಲೆಯನ್ನು ಅವರು ಬೇರೆ ಬೇರೆ ಕಡೆ ಹಂಚಿ ತೀರಿಸಿದ್ದಾರೆ.

ಒಂದು, ಮನೆ ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಸೋರುತ್ತದೆ. ದಬ್ಬೆಯ ಅಟ್ಟದಲ್ಲಿ ಸಂದು, ಬಿದಿರು ತಟ್ಟಿಯ ಗೋಡೆಯಲ್ಲಿ ಸಂದು, ಹುಲ್ಲಿನಲ್ಲೂ ಸಂದು. ಒಳಗಿನ ಮತ್ತು ಹೊರಗಿನ ಒತ್ತಡ ಬೇಗ ಸರಿಸಮವಾಗುತ್ತದೆ. ಗಾಳಿಗೆ ಎದುರಾದ ಕಡೆ ಒಂದೇ ದೊಡ್ಡ ಬಾಯಿ ತೆರೆದು ಉಳಿದೆಲ್ಲ ಮುಚ್ಚಿದ್ದರೆ ಗಾಳಿ ಒಳಗೆ ತುಂಬಿ ಮಾಡನ್ನು ಒಳಗಿನಿಂದಲೂ ಎತ್ತುತ್ತದೆ. ಪೇಟೆಯ ಮನೆಗಳಲ್ಲಿ ಕಿಟಕಿ ಗಾಜು ಒಡೆದ ಮರುಕ್ಷಣ ಮಾಡು ಹೋಗುವುದು ಇದರಿಂದಲೇ.

ಎರಡು, ಇಳಿಜಾರು. ಹುಲ್ಲಿನ ಮಾಡಿನಿಂದ ನೀರು ಬೇಗ ಇಳಿಯಬೇಕಾದರೆ 45 ಡಿಗ್ರಿಯ ಆಸುಪಾಸು ಕಡಿದಾಗಿರಬೇಕು. ಗಾಳಿ ಅಡ್ಡಲಾಗಿ ಬಡಿದಾಗ ಚಪ್ಪಟೆ ಮಾಡಿನ ಉದ್ದಗಲಕ್ಕೂ ಸೆಳೆತವೇ. ಸುಮಾರು 30 ಡಿಗ್ರಿ ದಾಟಿತೆಂದರೆ ಗಾಳಿಗೆ ಎದುರಾದ ಇಳಿಜಾರಿನ ಮೇಲೆ ಸೆಳೆತ ಹೋಗಿ ಒತ್ತಡ ಬೀಳತೊಡಗುತ್ತದೆ. ಹಿಂಬದಿಯ ಇಳಿಜಾರಿಗೆ ಸೆಳೆತ ತಪ್ಪಿದ್ದಲ್ಲ. ಮಳೆಗಾಗಿ ಮಾಡಿದ್ದು ಗಾಳಿಗೂ ಒದಗಿ ಬಂತು.

ಕಂಬಗಳ ನಡುವೆ ಓರೆಗೆ ಕಟ್ಟಿದ ಬಿದಿರು ಇತ್ತಾ ಸರ್? ವಾಲುವ ಬಲಕ್ಕೆ ಅದೇ ಆಧಾರ.

ಜೋರಹಾಟ್ ವಾಸಿ

ಇತ್ತು. ಎರಡೂ ತುದಿಯ ಅಂಕಣಗಳಲ್ಲಿ ಕತ್ತರಿಯಾಕಾರದಲ್ಲಿ ಕಟ್ಟಿದ್ದರು. ನಡುವಿನ ಅಂಕಣಗಳಲ್ಲಿ ಇಲ್ಲ, ಅಲ್ಲಿ ಮಗ್ಗ ಇಟ್ಟುಕೊಳ್ಳಬೇಕು.

ಸಾಗರ ಸೀಮೆ ಆಚಾರಿ

ನಾನು ಮರಗೆಲಸದವನು. ಲೆಕ್ಕ ಅವರು ಹೇಳಿದ್ರು, ನಾನು ಕಟ್ಟಿನ ವಿಷಯ ಹೇಳ್ತೀನಿ.

ಬಿದಿರಿಗೆ ಮೊಳೆ ಹೊಡೆದರೆ ಸೀಳು ಬಿಡುತ್ತೆ. ಅದರ ನಾರೆಲ್ಲ ಉದ್ದಕ್ಕೇ ಓಡುತ್ತೆ, ಅಡ್ಡ ಹಿಡಿಯೋ ನಾರು ಇಲ್ಲ. ಮೊಳೆ ಹೊಡೆದ ದಿನ ಗಟ್ಟಿ ಕಾಣುತ್ತೆ, ಒಂದು ಬೇಸಿಗೆ ಒಣಗಲಿ, ಸೀಳು ಗೆಣ್ಣಿನ ತನಕ ಹೋಗಿರುತ್ತೆ. ಕಟ್ಟು ಹಾಗಲ್ಲ, ಸುತ್ತಲಿಂದ ಅವುಚಿ ಹಿಡಿಯುತ್ತೆ. ಬೆತ್ತವನ್ನ ಸೀಳಿ, ನೀರಲ್ಲಿ ನೆನೆಸಿ, ಹಸಿಯಿದ್ದಾಗಲೇ ಎಳೆದು ಸುತ್ತಬೇಕು. ಒಣಗ್ತಾ ಒಣಗ್ತಾ ಅದು ತಾನೇ ಬಿಗಿಯುತ್ತೆ. ಸುತ್ತಿದ ಮೇಲೆ ಎರಡು ಮರದ ನಡುವೆ ತೂರಿಸಿ ಅಡ್ಡಕ್ಕೂ ಎರಡು ಸುತ್ತು ಹಾಕಬೇಕು, ಆಗಲೇ ಮೊದಲಿನ ಸುತ್ತುಗಳು ಕಚ್ಚಿಕೊಳ್ಳೋದು. ಆ ಅಡ್ಡ ಸುತ್ತು ಬಿಟ್ಟರೆ ಕಟ್ಟು ಜಾರುತ್ತೆ.

ಇನ್ನು ಮನೆ ಓಲಾಡುತ್ತೆ ಅಂದ್ರಲ್ಲ, ಅದು ದೋಷ ಅಲ್ಲ. ಗಾಳಿ ಒಂದೇ ಸಮ ತಳ್ಳಲ್ಲ, ಬಿಟ್ಟು ಬಿಟ್ಟು ಗುದ್ದುತ್ತೆ. ಪ್ರತಿ ಗುದ್ದಿಗೂ ನೂರಾರು ಕಟ್ಟುಗಳಲ್ಲಿ ಮರಕ್ಕೆ ಮರ, ಮರಕ್ಕೆ ಬೆತ್ತ ಒಂದು ಕೂದಲೆಳೆಯಷ್ಟು ಉಜ್ಜುತ್ತೆ. ಗುದ್ದಿನ ಶಕ್ತಿ ಆ ಉಜ್ಜಾಟದಲ್ಲೇ ಕರಗಿ ಹೋಗುತ್ತೆ. ಆದ್ರೆ ಉಜ್ಜಿದ ಬೆತ್ತ ಸವೆಯುತ್ತೆ, ಅದನ್ನ ಆಗಾಗ ಬಿಚ್ಚಿ ಹೊಸದು ಕಟ್ಟಲೇಬೇಕು. ಕಟ್ಟು ನೋಡಿಕೊಳ್ಳೋರು ಇಲ್ಲದ ಮನೆ ಎಷ್ಟು ಚೆನ್ನಾಗಿ ಕಟ್ಟಿದ್ರೂ ನಿಲ್ಲಲ್ಲ.

ಕಂಬಕ್ಕೆ ಯಾವ ಮರ ಹಾಕ್ತಾರೆ ಅಲ್ಲಿ?

ಜೋರಹಾಟ್ ವಾಸಿ

ಆಚಾರ್ರೇ, ಕೈಲಾದವರು ನಾಹೋರ್ ಅಥವಾ ಅಜಾರ್ ಹಾಕುತ್ತಾರೆ. ನಾಹೋರ್ ನಮ್ಮ ನಾಗಸಂಪಿಗೆ, ಅಜಾರ್ ನಮ್ಮ ಹೊಳೆದಾಸವಾಳ. ಇಲ್ಲದವರದ್ದು ದಪ್ಪ ಬಿದಿರೇ.

ಸಕಲೇಶಪುರ ಕಾಫಿ ತೋಟ

ನಮ್ಮ ತೋಟದಲ್ಲಿ ಅಸ್ಸಾಮಿನ ಧೇಮಾಜಿ ಜಿಲ್ಲೆಯಿಂದ ಬಂದ ಹುಡುಗರು ಕೆಲಸಕ್ಕಿದ್ದಾರೆ, ಅವರಲ್ಲಿ ಇಬ್ಬರು ಮಿಸಿಂಗ್. ಈ ಚರ್ಚೆ ಓದಿ ಹೇಳಿದೆ. ಅವರು ಹೇಳಿದ್ದು: ಕಂಬಕ್ಕೆ ಭಾಲುಕಾ ಬಿದಿರು, ಅದು ದಪ್ಪ ಗೋಡೆಯದು. ಸೀಳಿ ದಬ್ಬೆ, ತಟ್ಟಿ ಮಾಡಲು ಜಾತಿ ಬಿದಿರು. ಕಡಿಯುವುದು ಚಳಿಗಾಲದಲ್ಲೇ, ಬಲಿತದ್ದನ್ನು ಮಾತ್ರ. ಕಡಿದ ಮೇಲೆ ಕೆರೆಯಲ್ಲೋ ಹೊಳೆಯಲ್ಲೋ ಮುಳುಗಿಸಿ ಇಡುತ್ತಾರೆ. ಒಳಗಿನ ಸಿಹಿ ಅಂಶ ನೀರಿಗೆ ಬಿಟ್ಟುಹೋದರೆ ಕುಟ್ಟೆ ಹುಳು ಹಿಡಿಯುವುದಿಲ್ಲ. ಮನೆಯ ನಡುವೆ ಮೆರಾಮ್ ಅಂತ ಒಲೆ ಇರುತ್ತದೆ, ಅದರ ಹೊಗೆ ದಿನವೂ ಮಾಡಿಗೆ ಏರಬೇಕು. ಹೊಗೆ ನಿಂತ ಮನೆಯ ಹುಲ್ಲು, ಬಿದಿರು ಬೇಗ ಲಡ್ಡಾಗುತ್ತದೆ ಅಂದರು. ಲಡ್ಡಾದ ಬಿದಿರಿಗೆ ಯಾವ ಕಟ್ಟು ಹಾಕಿ ಏನು ಪ್ರಯೋಜನ!

ವಾಯುಪಡೆ ನಿವೃತ್ತ

ನಾನು ಸೇವೆಯಲ್ಲಿದ್ದಾಗ ಕಾರ್ ನಿಕೋಬಾರ್‌ನಲ್ಲಿದ್ದೆ. ಅಲ್ಲಿನ ನಿಕೋಬಾರಿಗಳ ಹಳೆಯ ಮನೆಯ ರೂಪವೇ ಬೇರೆ. ಕಂಬದ ಮೇಲೆ ದುಂಡನೆಯ ಅಟ್ಟ, ಅದರ ಮೇಲೆ ಜೇನುಗೂಡಿನಾಕಾರದ ಗುಮ್ಮಟ, ಹುಲ್ಲಿನ ದಪ್ಪ ಹೊದಿಕೆ. ಗೋಡೆ ಅಂತ ಪ್ರತ್ಯೇಕ ಇಲ್ಲ, ಮಾಡೇ ಕೆಳಗಿಳಿದು ಗೋಡೆಯಾಗುತ್ತದೆ. ಮೂಲೆಯೂ ಇಲ್ಲ. ಬಾಗಿಲು ಇರುವುದು ಅಟ್ಟದ ತಳದಲ್ಲಿ. ಏಣಿ ಹತ್ತಿ ಕೆಳಗಿನಿಂದ ತಲೆ ತೂರಿಸಿ ಒಳಗೆ ಹೋಗಬೇಕು. ಕಂಬದ ಮೇಲ್ತುದಿಗೆ ಮರದ ಅಗಲ ಬಿಲ್ಲೆ ಕೂರಿಸುತ್ತಾರೆ, ಇಲಿ ಹತ್ತದಿರಲಿ ಅಂತ.

ಮುಂಗಾರಿನಲ್ಲಿ ಅಲ್ಲಿ ಸಮುದ್ರದ ಗಾಳಿ ದಿನಗಟ್ಟಲೆ ಬಿಡುವುದಿಲ್ಲ. ನಮ್ಮ ಶೆಡ್ಡಿನ ಶೀಟುಗಳು ರಾತ್ರಿಯೆಲ್ಲ ಬಡಿದುಕೊಳ್ಳುತ್ತಿದ್ದವು. ಆ ಗುಮ್ಮಟದೊಳಗೆ ಕೂತರೆ ಹೊರಗೆ ಗಾಳಿ ಇದೆಯೋ ಇಲ್ಲವೋ ಅನ್ನುವಷ್ಟು ನಿಶ್ಶಬ್ದ. 2004ರ ಡಿಸೆಂಬರ್ 26ರ ಸುನಾಮಿಗೆ ಕರಾವಳಿಯ ಊರುಗಳೇ ಕೊಚ್ಚಿಹೋದವು. ಆಮೇಲೆ ಎದ್ದ ಮನೆಗಳು ಹೆಚ್ಚಿನವು ತಗಡಿನ ಮಾಡಿನವು. ಗುಮ್ಮಟ ಕಟ್ಟಬಲ್ಲ ಹಿರಿಯರ ಕೈ ಇನ್ನೂ ಆಡುತ್ತಿರುವಾಗಲೇ ಎಳೆಯರು ಕಲಿಯಬೇಕು. ನನಗೆ ಆ ದ್ವೀಪದ ಮೇಲೆ ಬಹಳ ಋಣ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ಕಟ್ಟಡದ ಲೆಕ್ಕ

ದುಂಡನೆಯ ರೂಪಕ್ಕೆ ಗಾಳಿಯ ತಳ್ಳುಬಲ ಚೌಕಕ್ಕಿಂತ ಸ್ಪಷ್ಟವಾಗಿ ಕಡಿಮೆ. ಸೆಳೆತ ಕೇಂದ್ರೀಕರಿಸಲು ಮೂಲೆಯಿಲ್ಲ, ಗಾಳಿ ಸಿಕ್ಕಿಹಾಕಿಕೊಳ್ಳಲು ಹೊರಚಾಚಿದ ಸೂರಿಲ್ಲ, ನುಗ್ಗಲು ಎದುರು ಬಾಗಿಲಿಲ್ಲ. ನಾನು ನೋಡಿದ ಮಟ್ಟಿಗೆ ಗಾಳಿಯ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಕಂಬದ ಮನೆ ಇಲ್ಲ.

ಮಲಯದ ಮಲ್ಲಿಗೆ

ಕೌಲಾಲಂಪುರದಿಂದ ಬರೆಯುತ್ತಿದ್ದೇನೆ. ಇಲ್ಲಿನ ಮಲಯ ಮನೆಗಳೂ ಕಂಬದ ಮೇಲಿನವೇ, ಆದರೆ ನಡೆ ಉಲ್ಟಾ. ಪೂರ್ವ ಕರಾವಳಿಯ ತೆರೆಂಗಾನುವಿಗೆ ನವೆಂಬರ್‌ನಿಂದ ಮಾರ್ಚ್ ತನಕ ಈಶಾನ್ಯ ಮಾರುತ ನೇರ ಬಡಿಯುತ್ತದೆ. ಅಲ್ಲಿನ ಹಳೆಯ ಮನೆಗಳ ಕಂಬವನ್ನು ಮಣ್ಣಿನಲ್ಲಿ ಹೂಳುವುದೇ ಇಲ್ಲ! ಕಲ್ಲಿನ ಮೇಲೆ ಸುಮ್ಮನೆ ಕೂರಿಸುತ್ತಾರೆ. ಮರ ಚೆಂಗಾಲ್, ಹೆಚ್ಚುಕಡಿಮೆ ನೀರಿನಷ್ಟೇ ಭಾರದ ಗಟ್ಟಿ ಮರ. ಮೇಲೆ ಸಿಂಗೋರಾ ಅನ್ನುವ ಹೆಂಚು. ಮನೆಯ ತೂಕವೇ ಅದನ್ನು ಹಿಡಿದಿಡುತ್ತದೆ.

ಮೊಳೆ ಇಲ್ಲಿಯೂ ಇಲ್ಲ. ಕಂಬದಲ್ಲಿ ಆರಪಾರು ಕಂಡಿ ಕೊರೆದು ಅಟ್ಟದ ತೊಲೆಯನ್ನು ಅದರೊಳಗೆ ತೂರಿಸುತ್ತಾರೆ, ಉಳಿದ ಸಂದಿಗೆ ಬೆಣೆ ಬಡಿಯುತ್ತಾರೆ. ಆ ತೊಲೆಗೆ ರಾಸುಕ್, ಬೆಣೆಗೆ ಬಾಜಿ ಅನ್ನುತ್ತಾರೆ. ಮರ ಒಣಗಿ ಸಡಿಲವಾದರೆ ಬೆಣೆಗೆ ಇನ್ನೆರಡು ಏಟು. ಬೆಣೆ ಕಳಚಿದರೆ ಮನೆಯೇ ಬಿಡಿಬಿಡಿ. ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಇಸ್ತಾನಾ ಸಾತು ಅಂತ 19ನೇ ಶತಮಾನದ ಮರದ ಅರಮನೆ ಇದೆ, ತೆರೆಂಗಾನುವಿನಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ್ದು. ಊರ ಕಡೆಯಿಂದ ಯಾರೇ ಬಂದರೂ ನಾನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಸಾಗರ ಸೀಮೆ ಆಚಾರಿ

ಅಕ್ಕ, ಆ ತೂರು ತೊಲೆಯ ಫೋಟೋ ಇದ್ದರೆ ದಯವಿಟ್ಟು ಹಾಕಿ. ಬೆಣೆ ಕಂಬದ ಮೇಲ್ಗಡೆ ಸಂದಿಗೆ ಬರುತ್ತಾ, ಪಕ್ಕಕ್ಕಾ? ಮೇಲ್ಗಡೆ ಬಂದರೆ ತೊಲೆ ಕೆಳಗೆ ಒತ್ತಿ ಕೂರುತ್ತೆ, ಗಾಳಿ ಎತ್ತಿದ್ರೂ ಅಲುಗಲ್ಲ.

ಮಲಯದ ಮಲ್ಲಿಗೆ

ನಾನು ನೋಡಿದ ಮನೆಯಲ್ಲಿ ಮೇಲ್ಗಡೆಯೇ ಇತ್ತು ಅಣ್ಣ. ಫೋಟೋ ಭಾನುವಾರ ತೆಗೆದು ಹಾಕುತ್ತೇನೆ.

ನೇರ ಮಾತು

ಎಲ್ಲ ಚೆನ್ನಾಗಿದೆ. ಆದರೆ ನಿಂತ ಮನೆಗಳನ್ನಷ್ಟೇ ನೋಡಿ ಹೊಗಳುವುದು ಸರಿಯೇ? ಬಿದ್ದವು ಮರುವಾರವೇ ಹೊಸದಾಗಿ ಎದ್ದಿರುತ್ತವೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹುಲ್ಲಿನ ಮನೆಗೆ ಬೆಂಕಿಯ ಭಯ ಇದೆ, ಹೊದಿಕೆಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಈಗ ಹುಲ್ಲೂ ಸಿಗುವುದಿಲ್ಲ. ಆ ಜನ ತಗಡು ಬೇಕು ಅಂದರೆ ಬೇಡ ಅನ್ನಲು ನಾವು ಯಾರು?

ಜೋರಹಾಟ್ ವಾಸಿ

ಬೇಡ ಅನ್ನುವ ಹಕ್ಕು ನಮಗಿಲ್ಲ, ಅದು ಖಂಡಿತ. ಮಾಜುಲಿಯಲ್ಲಿ ತಗಡಿನ ಚಾಂಗ್ ಘರ್ ಈಗ ಧಾರಾಳ. ಮನೆಗಳು ಬೀಳುತ್ತವೆ ಅನ್ನುವುದೂ ನಿಜ. ಆದರೆ ಬೀಳುವ ಕ್ರಮ ನೋಡಿ. ಗಾಳಿ ಮಿತಿ ಮೀರಿದಾಗ ಮೊದಲು ಹೋಗುವುದು ಸೂರಿನ ಹುಲ್ಲು, ಆಮೇಲೆ ನೆತ್ತಿಯದ್ದು. ಹುಲ್ಲು ಹೋದಷ್ಟೂ ಗಾಳಿಗೆ ಹಿಡಿತ ಕಡಿಮೆಯಾಗಿ ಕಂಬ, ತೊಲೆ ಉಳಿಯುತ್ತವೆ. ಹಾರಿದ ಹುಲ್ಲು ಯಾರ ತಲೆಯನ್ನೂ ಒಡೆಯುವುದಿಲ್ಲ. ಹಾರಿದ ತಗಡು ಕತ್ತು ಕೊಯ್ಯುತ್ತದೆ. ಊರವರೆಲ್ಲ ಸೇರಿ ಮತ್ತೆ ಹೊದಿಸಿಕೊಳ್ಳುತ್ತಾರೆ, ಸಾಲ ಆಗುವುದಿಲ್ಲ. ಪದೇಪದೇ ದಂಡೆ ಕೊರೆಯುವ ನದಿಯ ಪಕ್ಕ ಬದುಕುವವರಿಗೆ ಬಿಚ್ಚಿ ಒಳಗೆ ಸರಿಸಬಹುದಾದ ಮನೆ ದೊಡ್ಡ ಆಸರೆ.

ಕಟ್ಟಡದ ಲೆಕ್ಕ

ತಗಡಿನ ಬಗ್ಗೆ ಒಂದು ಘಟನೆ ಹೇಳಲೇಬೇಕು. 1974ರ ಕ್ರಿಸ್‌ಮಸ್ ದಿನ ಆಸ್ಟ್ರೇಲಿಯಾದ ಡಾರ್ವಿನ್ ನಗರಕ್ಕೆ ಟ್ರೇಸಿ ಚಂಡಮಾರುತ ಬಡಿಯಿತು. ಮಾಪಕ ಕೆಡುವ ಮುನ್ನ ದಾಖಲಾದ ವೇಗ ಗಂಟೆಗೆ 217 ಕಿ.ಮೀ. ಅಲ್ಲಿನ ಮನೆಗಳಲ್ಲೂ ಬಹಳಷ್ಟು ಕಂಬದ ಮೇಲೆ ಎತ್ತಿದ ಮರದ ಚೌಕಟ್ಟಿನ ಮನೆಗಳೇ, ಮೇಲೆ ತೆಳು ತಗಡು. ಊರಿನ ಸುಮಾರು 70 ಶೇಕಡಾ ಮನೆಗಳು ನಾಶವಾದವು ಇಲ್ಲವೇ ತೀವ್ರವಾಗಿ ಹಾಳಾದವು. ಪರಿಶೀಲಿಸಿದಾಗ ಕಂಡದ್ದು: ಗಾಳಿಯ ಬಿಟ್ಟು ಬಿಟ್ಟು ಬರುವ ಗುದ್ದಿಗೆ ಶೀಟು ಮೇಲೆ ಕೆಳಗೆ ಬಾಗಿ ಬಾಗಿ, ಮೊಳೆ, ಸ್ಕ್ರೂಗಳ ಸುತ್ತ ಬಿರುಕು ಬಿಟ್ಟು, ತೂತು ದೊಡ್ಡದಾಗಿ ಕಿತ್ತುಕೊಂಡು ಹೋಗಿತ್ತು. ಮಾಡು ಹೋದ ಮೇಲೆ ಗೋಡೆಗಳನ್ನು ಮೇಲಿನಿಂದ ಹಿಡಿಯಲು ಏನೂ ಉಳಿಯಲಿಲ್ಲ. ಆಮೇಲೆ ಅಲ್ಲಿ ಶೀಟನ್ನು ಸಾವಿರಾರು ಬಾರಿ ಬಾಗಿಸಿ ಪರೀಕ್ಷಿಸುವ ನಿಯಮ ಬಂತು.

ಅಂದರೆ ಕಂಬದ ಮನೆ ಅನ್ನುವುದರಿಂದಲೇ ರಕ್ಷಣೆ ಸಿಗುವುದಿಲ್ಲ. ಹುಲ್ಲಿಗೆ ಹೊಂದಿಸಿ ಕಟ್ಟಿದ ಮನೆಗೆ ತಗಡು ಹೊದಿಸಿದಾಗ ಮಾಡಿನ ತೂಕ ಇಳಿಯುತ್ತದೆ, ಗಾಳಿ ಸೋರುವುದು ನಿಲ್ಲುತ್ತದೆ, ಸಾಮಾನ್ಯವಾಗಿ ಇಳಿಜಾರನ್ನೂ ತಗ್ಗಿಸಿರುತ್ತಾರೆ. ಮೂರೂ ಸೇರಿ ಮೇಲ್ಸೆಳೆತ ಹೆಚ್ಚಾಗುತ್ತದೆ. ಕೆಳಗಿನ ಕಟ್ಟುಗಳು ಮಾತ್ರ ಮೊದಲಿನಷ್ಟೇ.

ಜೋರಹಾಟ್ ವಾಸಿ

ಹಾಗಾದರೆ ಕೇಳುತ್ತೇನೆ. ನಾನು ಹೇಳಿದ ಮನೆಯವರು ಈ ಚಳಿಗಾಲದಲ್ಲಿ ತಗಡು ಹಾಕಿಸಬೇಕು ಅಂತಿದ್ದಾರೆ. ಹುಲ್ಲು ಕೊಯ್ಯಲು ಹೋಗುವ ಗಂಡಸರೆಲ್ಲ ಕೆಲಸಕ್ಕೆ ಹೊರಗೆ ಹೋಗಿದ್ದಾರೆ. ಅವರಿಗೆ ಏನು ಹೇಳಲಿ?

ಕಟ್ಟಡದ ಲೆಕ್ಕ

ಇಳಿಜಾರನ್ನು ಈಗಿರುವಷ್ಟೇ ಕಡಿದಾಗಿ ಉಳಿಸಿಕೊಳ್ಳಲಿ. ಶೀಟು ಕಡಿಮೆ ಸಾಕಾಗುತ್ತದೆ ಅಂತ ಅಂಗಡಿಯವರು ತಗ್ಗಿಸಲು ಹೇಳುತ್ತಾರೆ, ಒಪ್ಪಬಾರದು. ಸೂರು ಗೋಡೆಯಿಂದ ಒಂದೂವರೆ ಅಡಿಗಿಂತ ಹೊರಗೆ ಚಾಚುವುದು ಬೇಡ. ಮೊಳೆಯ ಬದಲು ದಬ್ಬೆಯ ಸುತ್ತ ಬಳಸಿ ಹಿಡಿಯುವ ಜೆ ಕೊಕ್ಕೆ, ಅಗಲವಾದ ವಾಷರ್. ನಡುವೆ ಎಷ್ಟು ಹಾಕುತ್ತಾರೋ ಅಂಚಿನಲ್ಲಿ, ಮೂಲೆಯಲ್ಲಿ, ನೆತ್ತಿಯಲ್ಲಿ ಅದರ ಎರಡರಷ್ಟು. ತುದಿಯ ಗೋಡೆಗಳ ಮೇಲ್ಭಾಗದಲ್ಲಿ ಎರಡೂ ಕಡೆ ಬಿದಿರು ತಟ್ಟಿಯ ಕಿಂಡಿ ಬಿಡಲಿ, ಗಾಳಿ ಹಾಯಲಿ, ಹೊಗೆಯೂ ಹೋಗಲಿ. ಒಂದು ಕಡೆ ಮಾತ್ರ ಬಿಟ್ಟರೆ ಬಿಡದಿರುವುದಕ್ಕಿಂತ ಕೆಟ್ಟದ್ದು.

ಮುಖ್ಯವಾಗಿ ಕಂಬದ ಬುಡ. ಹೊಸ ಕಂಬ ಹೂಳುವಾಗ ಬುಡಕ್ಕೆ ಮೊಳದುದ್ದದ ಗಟ್ಟಿ ಮರದ ತುಂಡನ್ನು ಅಡ್ಡಲಾಗಿ ಬಿಗಿದು ಹೂಳಲಿ. ಮೇಲಕ್ಕೆ ಎಳೆದಾಗ ಆ ತುಂಡಿನ ಮೇಲಿನ ಮಣ್ಣಿನ ಭಾರವೆಲ್ಲ ಕಂಬದ ಪಾಲಿಗೆ ಬರುತ್ತದೆ. ನದಿಯ ಮೆಕ್ಕಲು ಮಣ್ಣು ನೆರೆಯಲ್ಲಿ ನೆನೆದರೆ ಹಿಡಿತ ಬಿಡುತ್ತದೆ, ಹಾಗಾಗಿ ಇದು ಬೇಕೇ ಬೇಕು.

ಸಾಗರ ಸೀಮೆ ಆಚಾರಿ

ಜೊತೆಗೆ ಒಂದು. ತಗಡು ಹಾಕಿದ ಮೇಲೆ ಜಂತೆ ತೊಲೆಗೆ ಸೇರೋ ಜಾಗದಲ್ಲಿ ಹಳೆ ಕಟ್ಟನ್ನೇ ನೆಚ್ಚಿಕೊಳ್ಳಬೇಡಿ ಅನ್ನಿ. ಬಿಚ್ಚಿ, ಹಸಿ ಬೆತ್ತದಲ್ಲಿ ಎರಡರಷ್ಟು ಸುತ್ತು ಹಾಕಲಿ. ಬೆತ್ತ ಸಿಗದಿದ್ರೆ ದಪ್ಪ ಜಿಐ ತಂತಿ ಆಗುತ್ತೆ, ಆದ್ರೆ ತಂತಿ ಬಿದಿರನ್ನ ಕೊರೆಯುತ್ತೆ, ಅಡಿಗೆ ಹಳೆ ಟ್ಯೂಬಿನ ರಬ್ಬರ್ ತುಂಡು ಕೊಡಬೇಕು. ಒಲೆ ಹೊಗೆಯನ್ನಂತೂ ನಿಲ್ಲಿಸಬಾರದು. ತಗಡು ಬಂತು ಅಂತ ಒಲೆಯನ್ನ ಹೊರಗೆ ಹಾಕ್ತಾರೆ, ಎರಡು ಮಳೆಗಾಲಕ್ಕೆ ಕುಟ್ಟೆ ಹಿಡಿದು ಜಂತೆ ಟೊಳ್ಳಾಗುತ್ತೆ.

ಜೋರಹಾಟ್ ವಾಸಿ

ತುಂಬಾ ಉಪಕಾರವಾಯಿತು. ಅಡ್ಡ ತುಂಡಿನ ವಿಷಯ ಫೋನಿನಲ್ಲಿ ಹೇಳಿದೆ. ಹೊಸ ಕಂಬ ಐದಾರು ಮಾತ್ರ ಹಾಕುತ್ತಾರಂತೆ, ಉಳಿದವು ಹಳೆಯವೇ. ಹಳೆಯ ಕಂಬದ ಬುಡಕ್ಕೆ ಈಗ ಏನಾದರೂ ಮಾಡಬಹುದೇ?

ಕಟ್ಟಡದ ಲೆಕ್ಕ

ಮಾಡಬಹುದು. ಮೂಲೆಯ ನಾಲ್ಕು ಕಂಬಗಳ ಪಕ್ಕ ಅರ್ಧ ಆಳು ಗುಂಡಿ ತೋಡಿ, ಅದೇ ತರಹ ಅಡ್ಡ ತುಂಡು ಬಿಗಿದ ಗಿಡ್ಡ ಗೂಟ ಹೂತು, ಗೂಟವನ್ನೂ ಕಂಬವನ್ನೂ ಎರಡು ಕಡೆ ಕಟ್ಟಿಸಿ. ಒಟ್ಟಿಗೆ ಎಲ್ಲ ಬುಡ ಕೆದಕಬೇಡಿ. ಒಂದು ಮೂಲೆ ಮುಗಿಸಿ, ಮಣ್ಣು ಚೆನ್ನಾಗಿ ದಮ್ಮಾಸು ಮಾಡಿ, ಆಮೇಲೆ ಇನ್ನೊಂದು. ಫೆಬ್ರವರಿಯೊಳಗೆ ಮುಗಿಸಿಕೊಳ್ಳಿ, ಮಾರ್ಚ್‌ಗೆ ಗಾಳಿ ಶುರುವಾಗುತ್ತದೆ.